ಇಲ್ಮೆನಾವ್‌ನಲ್ಲಿ ಬಾಡಿಗೆ ಮನೆ: ಅಡುಗೆಮನೆ ಇದೆಯಾ ಅಂತ ಮೊದಲು ಕೇಳಿ

ಅಕ್ಟೋಬರಿಗೆ ಜರ್ಮನಿಯ ಇಲ್ಮೆನಾವ್‌ಗೆ ಓದಲು ಬರ್ತಿದ್ದೀನಿ, ಹಾಸ್ಟೆಲ್ ಸಿಕ್ಕಿಲ್ಲ, ಕಡಿಮೆ ಬಾಡಿಗೆಗೆ ಮನೆ ಹುಡುಕೋದು ಹೇಗೆ ಅಂತ ಕೇಳಿದ್ದೀರಿ. ಗಾಬರಿ ಬೇಡ. ಮ್ಯೂನಿಕ್‌ನಲ್ಲಿ ಒಂದು ರೂಮಿಗೆ ಕೊಡುವ ದುಡ್ಡಿಗೆ ಇಲ್ಲಿ ಎಷ್ಟೋ ಸಲ ಇಡೀ ಮನೆಯೇ ಸಿಗುತ್ತದೆ.

ಆದರೆ ಸುಮ್ನೆ ಆ್ಯಪ್ ನೋಡುತ್ತಾ ಕೂತರೆ ಆಗಲ್ಲ. ಇದು ಹಳೇ ಪೂರ್ವ ಜರ್ಮನಿಯ ಊರು. ಆ ಕಾಲದಲ್ಲಿ ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಪ್ಲಾಟನ್‌ಬೌ ಕಟ್ಟಡಗಳು ಪೋರ್ಲಿಟ್ಜರ್ ಹೋಹೆ ಕಡೆ ಇವೆ. ಹೊರಗಿನಿಂದ ನಮ್ಮ ಹಳೇ ಕ್ವಾರ್ಟರ್ಸ್ ಥರ, ಒಳಗೆ ಬೆಚ್ಚಗೆ. ಇಂಥ ಮನೆಗಳಿಗೆ ಊರಿನ ವಸತಿ ಕಂಪನಿಗೂ ಸಹಕಾರ ಸಂಘಕ್ಕೂ ನೇರವಾಗಿ ಮೇಲ್ ಹಾಕಿ. ಮುರುಕಲಾದರೂ ಪರವಾಗಿಲ್ಲ, ಜರ್ಮನ್‌ನಲ್ಲೇ ಬರೆಯಿರಿ. ಸಹಕಾರ ಸಂಘವಾದರೆ ಷೇರು ಕೊಳ್ಳಬೇಕು. ಆ ದುಡ್ಡು ವಾಪಸ್ ಬರುತ್ತದೆ, ಮನೆ ಬಿಟ್ಟ ದಿನವೇ ಅಲ್ಲ ಅಷ್ಟೆ.

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಕಾಲ್ಟ್‌ಮೀಟ, ಅಂದರೆ ಬರೀ ಗೋಡೆಯ ಬಾಡಿಗೆ. ನೀವು ನೋಡಬೇಕಾದ್ದು ವಾರ್ಮ್‌ಮೀಟ. ಅದರಲ್ಲಿ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ ಸೇರಿರುತ್ತದೆ. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಬೇರೆ. ಹೀಟಿಂಗ್ ಸೇರಿದೆ ಅಂತ ನಾನು ಮೊದಲ ಚಳಿಗಾಲವಿಡೀ ಹೀಟರನ್ನು ಗರಿಷ್ಠ 5ರಲ್ಲಿಟ್ಟು, ಕಿಟಕಿ ಓರೆ ಮಾಡಿ ಮಲಗಿದೆ. ಆದರೆ ತಿಂಗಳಿಗೆ ಕಟ್ಟೋದು ಬರೀ ಅಂದಾಜು ಮುಂಗಡ. ಬಳಸಿದ್ದರ ವರ್ಷದ ಲೆಕ್ಕ ಬಂದಾಗ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕಟ್ಟಿದೆ!

ಇನ್ನು ಅಡುಗೆಮನೆ. ಬೀಗ ತೆಗೆದು ಒಳಗೆ ಹೋದರೆ ಗೋಡೆಯಿಂದ ಚಾಚಿದ ಎರಡು ಪೈಪು, ಒಂದು ವೈರು. ಸಿಂಕೂ ಇಲ್ಲ. ಹಿಂದಿನವರು ಎಲ್ಲ ಕಳಚಿಕೊಂಡು ಹೋಗಿದ್ದರು, ಬಲ್ಬ್ ಸಮೇತ. ಇಲ್ಲಿ ಅದು ಮಾಮೂಲಿ. ಮೂರು ವಾರ ಬಚ್ಚಲಿನ ಬೇಸಿನ್ನಿನಲ್ಲಿ ಅಕ್ಕಿ ತೊಳೆದು, ನೆಲದ ಮೇಲಿಟ್ಟ ಕರೆಂಟ್ ಒಲೆಯಲ್ಲಿ ಅನ್ನ ಮಾಡಿದೆ. ಜಾಹೀರಾತಿನಲ್ಲಿ ಇಬಿಕೆ (EBK) ಅಂತಿದ್ದರೆ ಅಡುಗೆಮನೆ ಜೋಡಿಸಿಯೇ ಇದೆ ಎಂದರ್ಥ. ಆ ಮೂರಕ್ಷರ ಹುಡುಕಿ.

ಡೆಪಾಸಿಟ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟ ದಾಟುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಕಡಿಮೆಯೇ ಅಲ್ವಾ? ಆದರೆ "ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಪೋಸ್ಟಿನಲ್ಲಿ ಕಳಿಸ್ತೇನೆ" ಅನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. ಆ ಪತ್ರ ಕೊಡಲ್ಲ ಅಂದರೆ ಆ ಮನೆ ಬಿಡಿ.

ಒಂದು ಉಪಾಯ ಇದೆ. ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ಹಾಗಾಗಿ ಓದು ಮುಗಿಸಿ ಹೊರಡುವವರು ತಮ್ಮ ಜಾಗಕ್ಕೆ ಬರುವ ನಾಖ್‌ಮೀಟರ್‌ನನ್ನು ಹುಡುಕುತ್ತಿರುತ್ತಾರೆ. ಯೂನಿವರ್ಸಿಟಿಯ ಭಾರತೀಯ ವಿದ್ಯಾರ್ಥಿಗಳಲ್ಲಿ ಈಗಲೇ ವಿಚಾರಿಸಿ. ಮಾಲೀಕರು ಒಪ್ಪಿದರೆ ಮನೆ ಜೊತೆ ಅವರ ಅಡುಗೆಮನೆ, ಮಂಚ ಅಗ್ಗಕ್ಕೆ ಸಿಗುತ್ತದೆ.

ಕುಕ್ಕರ್ ಮಾತ್ರ ಊರಿಂದಲೇ ತನ್ನಿ. ತಳ ಚಪ್ಪಟೆ ಇರಲಿ, ಇಲ್ಲಿ ಗ್ಯಾಸ್ ಒಲೆ ಅಪರೂಪ.