ಮುಟ್ಟದಿದ್ದರೂ ಹಾರ್ಡ್ ಡಿಸ್ಕ್ ಕರಕರ ಎನ್ನುವುದೇಕೆ?

ಪ್ರಶ್ನೆ: ವಿಜಯಪುರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ಜಾವಳಗಳಲ್ಲಿ ತೆಗೆದ ಸುಮಾರು 60,000 ಚಿತ್ರಗಳು ಕಂಪ್ಯೂಟರಿನ ಡಿ ಡ್ರೈವಿನಲ್ಲಿವೆ. ಅವನ್ನು ವಿಂಗಡಿಸಲೆಂದು ದೀಪಾವಳಿಯ ಹೊತ್ತಿಗೆ ಒಂದು ಫೋಟೋ ತಂತ್ರಾಂಶವನ್ನು ಹಾಕಿಕೊಂಡೆ. ವಿಂಡೋಸ್ ಇರುವ ಸಿ ಡ್ರೈವ್ 120 ಜಿಬಿಯ ಎಸ್‌ಎಸ್‌ಡಿ. ಅದು ತುಂಬುತ್ತ ಬಂದುದರಿಂದ ಆ ತಂತ್ರಾಂಶದ ಕ್ಯಾಶ್ ಫೋಲ್ಡರನ್ನು, ಅಂದರೆ ಬೇಗ ಸಿಗಲೆಂದು ಅದು ತಾತ್ಕಾಲಿಕ ಫೈಲುಗಳನ್ನು ಇಟ್ಟುಕೊಳ್ಳುವ ಜಾಗವನ್ನು, ಡಿ ಡ್ರೈವಿಗೆ ಸರಿಸಿದೆ. ಆಗಿನಿಂದ ಯಾವ ಕೆಲಸ ಮಾಡದಿದ್ದರೂ ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತದೆ, ಕರಕರ ಸಪ್ಪಳ ನಿಲ್ಲುವುದಿಲ್ಲ. ತಂತ್ರಾಂಶವನ್ನು ಮುಚ್ಚಿದರೂ ಅಷ್ಟೇ. ರಿಪೇರಿಯವರು ಡಿಸ್ಕ್ ಬದಲಿಸಿ ಎನ್ನುತ್ತಾರೆ. ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನಾನು ಕೇಳಿಕೊಂಡಂತೆ ನೀವು ಕಳಿಸಿದ ಪರದೆಯ ಚಿತ್ರಗಳನ್ನು ನೋಡಿದ ಮೇಲೆ, ತೊಂದರೆ ಡಿಸ್ಕಿನಲ್ಲಿಲ್ಲ, ಅದಕ್ಕೆ ಹಚ್ಚಿದ ಕೆಲಸದಲ್ಲಿದೆ ಎಂದು ಹೇಳಬಲ್ಲೆ. ಆದರೆ ಆ ತೀರ್ಮಾನಕ್ಕೆ ಬಂದ ದಾರಿಯನ್ನು ತುಸು ವಿವರವಾಗಿ ಹೇಳುವುದು ಅಗತ್ಯ. ಏಕೆಂದರೆ ಇದೇ ಸಪ್ಪಳ ಬೇರೊಬ್ಬರ ಕಂಪ್ಯೂಟರಿನಲ್ಲಿ ಬೇರೆಯೇ ಕಾರಣದಿಂದ ಬರಬಹುದು.

ಮೊದಲು, ಕಂಪ್ಯೂಟರಿನಲ್ಲಿ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರಿನ ಚಿತ್ರವನ್ನು ನೋಡೋಣ. ಅದರಲ್ಲಿ ಡಿಸ್ಕ್ 100% ಎಂದಿದೆ, ಪಕ್ಕದಲ್ಲಿ ವೇಗ ಮಾತ್ರ ಸೆಕೆಂಡಿಗೆ 2 ಎಂಬಿಗಿಂತ ಕಡಿಮೆ ಇದೆ. ಇದನ್ನು ನೋಡಿದ ಯಾರಿಗಾದರೂ ಡಿಸ್ಕ್ ಸುಸ್ತಾಗಿದೆ ಎನಿಸುವುದು ಸಹಜ, ರಿಪೇರಿಯವರಿಗೂ ಹಾಗೆಯೇ ಅನಿಸಿರಬೇಕು. ವಾಸ್ತವದಲ್ಲಿ ಆ 100% ಎಂಬುದು ಡಿಸ್ಕ್ ಎಷ್ಟು ಮಾಹಿತಿ ಸಾಗಿಸಿತು ಎಂಬುದರ ಲೆಕ್ಕವಲ್ಲ, ಎಷ್ಟು ಹೊತ್ತು ಕೈಬಿಡುವಿಲ್ಲದೆ ಇತ್ತು ಎಂಬುದರ ಲೆಕ್ಕ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ಓದುವ ಮುಳ್ಳಿನ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಆ ಜಾಗವಿರುವ ವರ್ತುಲಾಕಾರದ ಸಾಲಿನ ಮೇಲೆ ಹೋಗಿ ನಿಲ್ಲಲು ಇನ್ನೊಂದು 8–9 ಮಿಲಿಸೆಕೆಂಡು. ಒಟ್ಟು ಸುಮಾರು 12–13 ಮಿಲಿಸೆಕೆಂಡು ಎಂದರೆ, ಚದುರಿಬಿದ್ದ ಸಣ್ಣ ಸಣ್ಣ ತುಣುಕುಗಳನ್ನು ಓದುವಾಗ ಸೆಕೆಂಡಿಗೆ 80ರ ಆಸುಪಾಸಿನಷ್ಟು ಸಲ ಮಾತ್ರ ಓದಲು ಸಾಧ್ಯ. ಒಂದೊಂದು ಸಲಕ್ಕೆ 16 ಕೆಬಿ ಓದಿತೆಂದುಕೊಂಡರೂ ಸೆಕೆಂಡಿಗೆ 1.3 ಎಂಬಿ ದಾಟುವುದಿಲ್ಲ. ನಿಮ್ಮ ಪರದೆ ತೋರಿಸುತ್ತಿರುವುದು ಇದನ್ನೇ. ಕರಕರ ಎಂಬ ಸಪ್ಪಳವೂ ಮುಳ್ಳು ಅತ್ತಿಂದಿತ್ತ ಹಾರುವ ಸಪ್ಪಳವೇ ಹೊರತು ಸವಕಳಿಯ ಸಪ್ಪಳವಲ್ಲ.

ಹಾಗಾದರೆ ಅದನ್ನು ಓಡಾಡಿಸುತ್ತಿರುವವರು ಯಾರು? ಇಲ್ಲಿ ಬಹಳ ಜನ ತಂತ್ರಾಂಶಗಳ ಹೆಸರಿನ ಪಟ್ಟಿಯನ್ನು ನೋಡಿ, ಮೇಲ್ತುದಿಯಲ್ಲಿರುವುದನ್ನು ಅಪರಾಧಿಯೆಂದು ತೀರ್ಮಾನಿಸಿಬಿಡುತ್ತಾರೆ. ಆ ಪಟ್ಟಿ ದಾರಿ ತಪ್ಪಿಸಬಲ್ಲದು. ಒಂದು ತಂತ್ರಾಂಶ ಬರೆಯಬೇಕೆಂದ ಮಾಹಿತಿಯನ್ನು ವಿಂಡೋಸ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಸ್ವಲ್ಪ ತಡೆದು ತಾನೇ ಡಿಸ್ಕಿಗೆ ಇಳಿಸುವುದುಂಟು. ಆಗ ಆ ಬರವಣಿಗೆ ಪಟ್ಟಿಯಲ್ಲಿ 'ಸಿಸ್ಟಮ್' ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗೆಯೇ ಯಾವುದೇ ತಂತ್ರಾಂಶ ಒಂದು ಫೈಲ್ ತೆರೆದರೆ ಆ್ಯಂಟಿವೈರಸ್ ಕೂಡ ಅದೇ ಫೈಲನ್ನು ಓದುತ್ತದೆ, ಪಟ್ಟಿಯಲ್ಲಿ ಮುಂದೆ ಬರುವುದು ಅದರ ಹೆಸರು. ಆದ್ದರಿಂದ ತಂತ್ರಾಂಶದ ಹೆಸರಿಗಿಂತ ಫೈಲಿನ ಹೆಸರನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆದು, ಡಿಸ್ಕ್ ಎಂಬ ಟ್ಯಾಬಿಗೆ ಹೋದರೆ, ಕೆಳಗಿನ 'ಡಿಸ್ಕ್ ಆ್ಯಕ್ಟಿವಿಟಿ' ಭಾಗದಲ್ಲಿ ಆ ಕ್ಷಣಕ್ಕೆ ಯಾವ ಫೈಲನ್ನು ಯಾರು ಓದುತ್ತಿದ್ದಾರೆ, ಯಾರು ಬರೆಯುತ್ತಿದ್ದಾರೆ ಎಂಬುದು ಪೂರ್ಣ ವಿಳಾಸದೊಂದಿಗೆ ಕಾಣಿಸುತ್ತದೆ.

ಈ ಪಾಠವನ್ನು ನಾನು ಕಲಿತದ್ದು ಇನ್ನೊಬ್ಬರ ಖರ್ಚಿನಲ್ಲಿ ಎಂದು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಬೆಳಗಾವಿಯ ಟಿಳಕವಾಡಿಯಲ್ಲಿ ವಕೀಲರೊಬ್ಬರ ಕಂಪ್ಯೂಟರ್ ಹೀಗೆಯೇ ದಿನವಿಡೀ ಸಪ್ಪಳ ಮಾಡುತ್ತಿತ್ತು. ಡಿಸ್ಕ್ ಹೋಯಿತೆಂದು ಹೇಳಿ ಹೊಸದನ್ನು ಹಾಕಿಸಿದೆ. ಎರಡು ದಿನಗಳಲ್ಲಿ ಹೊಸ ಡಿಸ್ಕೂ ಅದೇ ರಾಗ ಹಾಡತೊಡಗಿತು. ಆಮೇಲೆ ಫೈಲುಗಳನ್ನು ನೋಡಿದಾಗ ತಿಳಿದದ್ದು ಇಷ್ಟು: ಅವರ ಇಮೇಲ್ ತಂತ್ರಾಂಶವು ಇನ್‌ಬಾಕ್ಸಿನ ಅಷ್ಟೂ ಪತ್ರಗಳನ್ನು ಒಂದೇ ಫೈಲಿನಲ್ಲಿ ಸೇರಿಸಿಡುತ್ತಿತ್ತು, ಆ ಫೈಲ್ 4 ಜಿಬಿಗೆ ಬೆಳೆದಿತ್ತು, ಒಂದು ಹೊಸ ಪತ್ರ ಬಂದರೂ ಆ್ಯಂಟಿವೈರಸ್ ಆ 4 ಜಿಬಿಯನ್ನು ಮೊದಲಿನಿಂದ ಜಾಲಾಡುತ್ತಿತ್ತು. ಹಳೆಯ ಪತ್ರಗಳನ್ನು ವರ್ಷವಾರು ಬೇರೆ ಫೋಲ್ಡರುಗಳಿಗೆ ಸರಿಸಿದ ಮಧ್ಯಾಹ್ನವೇ ಸಪ್ಪಳ ನಿಂತಿತು. ವಕೀಲರು ಸಜ್ಜನರು, ಡಿಸ್ಕಿನ ಹಣದ ಮಾತೆತ್ತಲಿಲ್ಲ.

ಈಗ ನಿಮ್ಮ ಚಿತ್ರಕ್ಕೆ ಬರುತ್ತೇನೆ. ರಾತ್ರಿ 11 ಗಂಟೆಗೆ, ಅಂಗಡಿಯ ಬಾಗಿಲು ಹಾಕುವ ಮುನ್ನ ನೀವು ತೆಗೆದ ಆ ಪರದೆಯಲ್ಲಿ 2018ರ ಒಂದು ಮದುವೆಯ ಚಿತ್ರಗಳು ಒಂದರ ಹಿಂದೊಂದರಂತೆ ಓದಲ್ಪಡುತ್ತಿವೆ. ಆ ಮದುವೆಯ ಫೋಲ್ಡರನ್ನು ಈ ವರ್ಷ ತೆರೆದೇ ಇಲ್ಲವೆಂದು ನೀವು ಬರೆದಿದ್ದೀರಿ. ಅದರ ಕೆಳಗಿನ ಸಾಲುಗಳಲ್ಲಿ ಕ್ಯಾಶ್ ಫೋಲ್ಡರಿನೊಳಗೆ ಹೊಸ ಫೈಲುಗಳು ಬರೆಯಲ್ಪಡುತ್ತಿವೆ. ತಂತ್ರಾಂಶದ ಸೆಟ್ಟಿಂಗ್ಸ್ ಚಿತ್ರದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ: ಕಾವಲಿಡಬೇಕಾದ ಫೋಲ್ಡರ್ ಎಂಬಲ್ಲಿ ನೀವು ಇಡೀ ಡಿ ಡ್ರೈವನ್ನೇ ಆರಿಸಿದ್ದೀರಿ, ಕ್ಯಾಶಿನ ಮಿತಿ 5 ಜಿಬಿ ಎಂದಿದೆ.

ಈ ಎರಡೂ ಸೇರಿದ್ದರಿಂದ ಗಾಣ ಸುತ್ತತೊಡಗಿದೆ. ತಂತ್ರಾಂಶವು ಪ್ರತಿ ಫೋಟೋಕ್ಕೂ ಒಂದು ಸಣ್ಣ ನಮೂನೆಯನ್ನು ತಯಾರಿಸಿ ಕ್ಯಾಶಿನಲ್ಲಿ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಬೇಗ ತೋರಿಸಬೇಕೆಂಬ ಸದುದ್ದೇಶದಿಂದ. ಒಂದು ನಮೂನೆಗೆ 200 ಕೆಬಿ ಎಂದು ಹಿಡಿದರೂ 60,000 ಫೋಟೋಗಳಿಗೆ 12 ಜಿಬಿ ಬೇಕು. ಮಿತಿ ಇರುವುದು 5 ಜಿಬಿ, ಅಂದರೆ 25,000 ನಮೂನೆಗಳಿಗೆ ಮಾತ್ರ ಜಾಗ. ಅಷ್ಟು ತುಂಬಿದೊಡನೆ ತಂತ್ರಾಂಶ ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುತ್ತದೆ. ಕೊನೆಯ ಫೋಟೋ ಮುಟ್ಟುವ ಹೊತ್ತಿಗೆ ಮೊದಲ ಫೋಟೋಗಳ ನಮೂನೆಗಳು ಇರುವುದಿಲ್ಲ. ತಳ ಒಡೆದ ಕೊಡಕ್ಕೆ ನೀರು ಹೊಯ್ದಂತೆ. ಇಷ್ಟೇ ಆಗಿದ್ದರೂ ಒಂದು ಸುತ್ತಿನ ನಂತರ ಅದು ಸುಮ್ಮನಾಗಬಹುದಿತ್ತು. ಆದರೆ ಆ ಕ್ಯಾಶ್ ಫೋಲ್ಡರ್ ಈಗ ಕಾವಲಿನಲ್ಲಿರುವ ಡಿ ಡ್ರೈವಿನೊಳಗೇ ಇದೆ. ಒಂದು ಫೋಲ್ಡರಿನಲ್ಲಿ ಏನಾದರೂ ಬದಲಾದರೆ ತನಗೆ ತಿಳಿಸುವಂತೆ ತಂತ್ರಾಂಶಗಳು ವಿಂಡೋಸನ್ನು ಕೇಳಿಕೊಳ್ಳಬಹುದು, ವಿಂಡೋಸ್ ಆ ಸುದ್ದಿಗಳನ್ನು ಒಂದು ಚಿಕ್ಕ ಜಾಗದಲ್ಲಿ ಕೂಡಿಹಾಕಿ ಒಪ್ಪಿಸುತ್ತದೆ. ಸುದ್ದಿಗಳು ಸಾವಿರಗಟ್ಟಲೆ ಒಮ್ಮೆಲೇ ಬಂದು ಆ ಜಾಗ ತುಂಬಿ ಹರಿದರೆ ವಿಂಡೋಸ್ ಅವನ್ನು ಚೆಲ್ಲಿ, ಏನೋ ಬದಲಾಗಿದೆ, ನೀನೇ ನೋಡಿಕೋ ಎಂಬಷ್ಟನ್ನೇ ಹೇಳುತ್ತದೆ. ಆಗ ತಂತ್ರಾಂಶಕ್ಕೆ ಇಡೀ ಡ್ರೈವನ್ನು ಮೊದಲಿನಿಂದ ಹುಡುಕದೆ ಗತ್ಯಂತರವಿಲ್ಲ. ತಾನೇ ಬರೆದ ನಮೂನೆಗಳ ಸುದ್ದಿ ಕೇಳಿ ತಾನೇ ಗಾಬರಿಯಾಗಿ ಮತ್ತೆ ಹುಡುಕಲು ಹೊರಡುತ್ತದೆ, ಹುಡುಕಿದಾಗ ಇಲ್ಲದ ನಮೂನೆಗಳು ಕಾಣುತ್ತವೆ, ಅವನ್ನು ಮತ್ತೆ ಬರೆಯುತ್ತದೆ.

ಇದು ನನ್ನ ಊಹೆಯೋ ನಿಜವೋ ಎಂಬುದನ್ನು ನೀವೇ ಪರೀಕ್ಷಿಸಬಹುದು. ಸಪ್ಪಳ ಜೋರಾಗಿರುವಾಗ ರಿಸೋರ್ಸ್ ಮಾನಿಟರಿನಲ್ಲಿ ಆ ತಂತ್ರಾಂಶದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸಸ್ಪೆಂಡ್ ಪ್ರೋಸೆಸ್' ಆರಿಸಿರಿ. ಅದು ತಂತ್ರಾಂಶವನ್ನು ಕೊಲ್ಲುವುದಿಲ್ಲ, ಇದ್ದಲ್ಲೇ ತಡೆದು ನಿಲ್ಲಿಸುತ್ತದೆ. ಕೆಲವು ಸೆಕೆಂಡುಗಳಲ್ಲಿ ದೀಪ ಆರಿ, 'ರಿಸ್ಯೂಮ್' ಒತ್ತಿದೊಡನೆ ಮತ್ತೆ ಮಿನುಗತೊಡಗಿದರೆ ಬೇರೆ ಸಾಕ್ಷಿ ಬೇಕಿಲ್ಲ. ಸಿಸ್ಟಮ್ ಮುಂತಾದ ವಿಂಡೋಸಿನ ಸ್ವಂತ ಹೆಸರುಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ, ಕಂಪ್ಯೂಟರ್ ನಿಂತುಬಿಡಬಹುದು. ತಂತ್ರಾಂಶವನ್ನು ಮುಚ್ಚಿದರೂ ಸಪ್ಪಳ ನಿಲ್ಲುತ್ತಿಲ್ಲ ಎಂಬ ನಿಮ್ಮ ಮಾತಿಗೂ ಉತ್ತರ ಸುಲಭ: ಗಡಿಯಾರದ ಪಕ್ಕದ ಸಣ್ಣ ಬಾಣವನ್ನು ಒತ್ತಿ ನೋಡಿದರೆ ಅದರ ಚಿಹ್ನೆ ಅಲ್ಲಿ ಕುಳಿತಿರುತ್ತದೆ. ಮುಚ್ಚಿದ್ದು ಕಿಟಕಿ ಮಾತ್ರ.

ಪರಿಹಾರವನ್ನು ಒಂದೊಂದೇ ಹೆಜ್ಜೆಯಾಗಿ, ನಡುವೆ ಒಂದು ದಿನ ಬಿಟ್ಟು ಮಾಡಿರಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮೊದಲು ಡಿ ಡ್ರೈವಿನಲ್ಲಿ ಫೋಟೋಗಳಿಗೇ ಒಂದು ಫೋಲ್ಡರ್ ಮಾಡಿ, ಕಾವಲನ್ನು ಅದಕ್ಕೆ ಮಾತ್ರ ಸೀಮಿತಗೊಳಿಸಿ, ಕ್ಯಾಶ್ ಅದರ ಹೊರಗೆ ಉಳಿಯುವಂತೆ ನೋಡಿಕೊಳ್ಳಿ. ನನ್ನ ಎಣಿಕೆಯಲ್ಲಿ ಮುಕ್ಕಾಲು ಪಾಲು ತೊಂದರೆ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಕ್ಯಾಶಿನ ಮಿತಿಯನ್ನು 20 ಜಿಬಿಗೆ ಏರಿಸಿ, ಒಂದು ರಾತ್ರಿ ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ನಮೂನೆಗಳೆಲ್ಲ ಒಮ್ಮೆ ಪೂರ್ತಿ ತಯಾರಾಗಲು ಬಿಡಿ. ಆ ರಾತ್ರಿ ಸಪ್ಪಳ ಇದ್ದೇ ಇರುತ್ತದೆ, ಅದು ನ್ಯಾಯವಾದ ಸಪ್ಪಳ. ಇನ್ನೂ ಸ್ವಲ್ಪ ಉಳಿದಿದ್ದರೆ ಆ್ಯಂಟಿವೈರಸ್ಸಿನ ವಿನಾಯಿತಿಯ ಪಟ್ಟಿಗೆ ಆ ಕ್ಯಾಶ್ ಫೋಲ್ಡರನ್ನು ಸೇರಿಸಬಹುದು. ಇಡೀ ಡಿ ಡ್ರೈವನ್ನು ಸೇರಿಸಬೇಡಿ. ಗಿರಾಕಿಗಳ ಪೆನ್ ಡ್ರೈವು, ಮೆಮೊರಿ ಕಾರ್ಡುಗಳು ದಿನವೂ ಬಂದುಹೋಗುವ ಸ್ಟುಡಿಯೋದಲ್ಲಿ ವೈರಸ್ ಹೊಕ್ಕುವ ಬಾಗಿಲೇ ಅದು.

ಅಂತರ್ಜಾಲದ ವಿಡಿಯೋಗಳಲ್ಲಿ ಹೇಳುವಂತೆ ಸರ್ಚ್ ಇಂಡೆಕ್ಸರ್, ಸಿಸ್‌ಮೇನ್, ಡಿಫೆಂಡರ್ ಎಂದು ವಿಂಡೋಸಿನ ಸ್ವಂತ ಸೇವೆಗಳನ್ನು ಒಂದೊಂದಾಗಿ ಸ್ಥಗಿತಗೊಳಿಸುವ ಚಿಕಿತ್ಸೆಯನ್ನು ನಾನು ಒಪ್ಪುವುದಿಲ್ಲ. ಇವೆಲ್ಲ ಡಿಸ್ಕನ್ನು ಓಡಾಡಿಸುತ್ತವೆ ಎಂಬುದು ನಿಜವೇ, ದೊಡ್ಡ ಅಪ್‌ಡೇಟ್ ಬಂದ ದಿನ ತಾಸುಗಟ್ಟಲೆ ಓಡಾಡಿಸುತ್ತವೆ. ಆದರೆ ಕೆಲಸ ಮುಗಿಸಿ ಸುಮ್ಮನಾಗುತ್ತವೆ. ತಿಂಗಳುಗಟ್ಟಲೆ ನಿಲ್ಲದ ಸಪ್ಪಳಕ್ಕೆ ಅವನ್ನು ದೂರುವುದು ಸರಿಯಲ್ಲ. ರಿಸೋರ್ಸ್ ಮಾನಿಟರಿನಿಂದ ಗುಟ್ಟು ತಿಳಿಯದವರು ಮೈಕ್ರೋಸಾಫ್ಟಿನ ತಾಣದಲ್ಲಿ ಉಚಿತವಾಗಿ ಸಿಗುವ ಪ್ರೋಸೆಸ್ ಮಾನಿಟರನ್ನು ಬಳಸಬಹುದು. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಅದೂ ಒಂದು. ಎರಡು ನಿಮಿಷ ದಾಖಲಿಸಿ ನಿಲ್ಲಿಸಿ, ಟೂಲ್ಸ್ ಮೆನುವಿನಲ್ಲಿ 'ಫೈಲ್ ಸಮ್ಮರಿ' ತೆರೆದರೆ ಯಾವ ಫೈಲನ್ನು ಎಷ್ಟು ಸಲ ಮುಟ್ಟಲಾಯಿತು ಎಂಬ ಲೆಕ್ಕ ಸಿಗುತ್ತದೆ. ದಾಖಲಿಸುತ್ತಲೇ ಮರೆತು ಮನೆಗೆ ಹೋಗಬೇಡಿ, ಅದು ಸಾಲುಗಳನ್ನು ಲಕ್ಷಗಟ್ಟಲೆ ಪೇರಿಸುತ್ತದೆ.

ಡಿಸ್ಕಿನ ಆರೋಗ್ಯದ ಬಗ್ಗೆ ಒಂದು ಮಾತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಧನದಲ್ಲಿ 'ರೀಅಲೊಕೇಟೆಡ್ ಸೆಕ್ಟರ್ಸ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂಬ ಎರಡು ಸಾಲುಗಳನ್ನು ನೋಡಿ; ಡಿಸ್ಕಿನಲ್ಲಿ ಕೆಟ್ಟ ಮತ್ತು ಕೆಟ್ಟಿರುವ ಶಂಕೆಯಿರುವ ಜಾಗಗಳ ಎಣಿಕೆ ಅವು. ನಿಮ್ಮ ಡಿಸ್ಕಿನಲ್ಲಿ ಎರಡೂ ಸೊನ್ನೆ ಇವೆ, ಆದ್ದರಿಂದಲೇ ಬದಲಿಸಬೇಡಿ ಎಂದೆ. ಆದರೆ ಉಷ್ಣಾಂಶ 51 ಡಿಗ್ರಿ ತೋರಿಸುತ್ತಿದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕುಗಳಿಗೆ ತಯಾರಕರು ಹಾಕುವ ಮೇಲ್ಮಿತಿ 60 ಡಿಗ್ರಿ. ವಿಜಯಪುರದ ಬೇಸಿಗೆ ಇನ್ನೂ ಬರಬೇಕಿದೆ. ಅಷ್ಟರೊಳಗೆ ಕ್ಯಾಬಿನೆಟ್ಟಿನ ಧೂಳು ತೆಗೆಸಿ, ಅದನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ. ಮದುವೆಯ ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿ, ಮೇಲಿನ ಹೆಜ್ಜೆಗಳನ್ನೆಲ್ಲ ಅದಾದ ಮೇಲೆ ನೋಡಿಕೊಳ್ಳಿ.

ಪ್ರಶ್ನೆ: ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಕಂಪ್ಯೂಟರಿನಲ್ಲಿ ಡಿಸ್ಕಿನ ದೀಪ ಆರಿದ್ದರೂ ಒಳಗಿನಿಂದ ಸಣ್ಣಗೆ ಸಪ್ಪಳ ಬರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 0% ಎಂದಿರುತ್ತದೆ. ಡಿಸ್ಕ್ ಹೊಸದು, 4 ಟಿಬಿಯದು. ಕದ್ದು ಕೆಲಸ ಮಾಡುವ ವೈರಸ್ ಇರಬಹುದೇ?

ಉತ್ತರ: ವೈರಸ್ ಕೂಡ ಡಿಸ್ಕನ್ನು ಮುಟ್ಟಬೇಕಾದರೆ ವಿಂಡೋಸಿನ ಮೂಲಕವೇ ಬರಬೇಕು, ಬಂದರೆ ದೀಪ ಸಾಮಾನ್ಯವಾಗಿ ಹೊತ್ತುತ್ತದೆ. ದೀಪವಿಲ್ಲದ ಸಪ್ಪಳವು ಹೆಚ್ಚಾಗಿ ಡಿಸ್ಕಿನೊಳಗಿನ ಸ್ವಂತ ತಂತ್ರಾಂಶವಾದ ಫರ್ಮ್‌ವೇರಿನದು: ಬಿಡುವಿನಲ್ಲಿ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವುದು ಅನೇಕ ಡಿಸ್ಕುಗಳ ರೂಢಿ. ಸಾಲುಗಳನ್ನು ಹಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವ ಶಿಂಗಲ್ಡ್ ಡಿಸ್ಕುಗಳು ಹಗಲಿನಲ್ಲಿ ಅವಸರದಿಂದ ಒಂದೆಡೆ ಬರೆದಿಟ್ಟದ್ದನ್ನು ಬಿಡುವಾದಾಗ ಸರಿಯಾದ ಜಾಗಕ್ಕೆ ಸಾಗಿಸುತ್ತವೆ. ಕಂಪ್ಯೂಟರ್ ಶುರುವಾಗುವಾಗ ಬಯೋಸ್ (ವಿಂಡೋಸಿಗೂ ಮೊದಲು ಓಡುವ ಮೂಲ ವ್ಯವಸ್ಥೆ) ಪರದೆಗೆ ಹೋಗಿ ಕಾಲು ತಾಸು ಹಾಗೆಯೇ ಬಿಡಿ; ವಿಂಡೋಸ್ ಇನ್ನೂ ಎದ್ದಿರದ ಅಲ್ಲಿಯೂ ಅದೇ ಮೆತ್ತನೆಯ ಸಪ್ಪಳ ಕೇಳಿದರೆ ಕೆಲಸ ಡಿಸ್ಕಿನದೇ, ಚಿಂತೆ ಬೇಡ. ಸಪ್ಪಳ ಮೆತ್ತಗಿರದೆ ಟಕ್ ಟಕ್ ಎಂದು, ನಡುವೆ ಡಿಸ್ಕ್ ನಿಂತು ಮತ್ತೆ ತಿರುಗತೊಡಗಿದಂತೆ ಕೇಳಿದರೆ ಮಾತ್ರ ತಡಮಾಡದೆ ಲೆಕ್ಕಪತ್ರದ ಫೈಲುಗಳನ್ನು ಮೊದಲು ನಕಲು ಮಾಡಿಕೊಳ್ಳಿ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಡಿಸ್ಕ್ ಪರೀಕ್ಷೆಯನ್ನು ಓಡಿಸುವುದಿದ್ದರೆ ನಕಲು ಮುಗಿದ ಮೇಲೆಯೇ ಓಡಿಸಿ, ಏಕೆಂದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಅದು ತಾಸುಗಟ್ಟಲೆ ದುಡಿಸಿ ಉಳಿದ ಆಯುಷ್ಯವನ್ನೂ ಕಳೆಯುತ್ತದೆ.