ಇಂಡಿಕಾವೋ ಜಪೋನಿಕಾವೋ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಗಿಡ್ಡ ಕಾಳಿನ ಭತ್ತ ಜಪೋನಿಕಾ, ನೀಳ ಕಾಳಿನದು ಇಂಡಿಕಾ ಎನ್ನಬಹುದೇ? ದೇಸಿ ತಳಿಗಳನ್ನು ಕಾಲೇಜು ಪ್ರಯೋಗಾಲಯದಲ್ಲೇ ಡಿಎನ್‌ಎಯಿಂದ ಗುರುತಿಸುವುದು ಹೇಗೆ?

ಉತ್ತರ: ಇಂಡಿಕಾ, ಜಪೋನಿಕಾ ಭತ್ತದ ಎರಡು ಉಪಪ್ರಭೇದಗಳು. ಅವನ್ನು ಗುರುತಿಸಲು ಕಾಳಿನ ಆಕಾರ ನಂಬಬೇಡಿ. ಅಮೆರಿಕದ ನೀಳ ಕಾಳಿನ ತಳಿಗಳಲ್ಲಿ ಹೆಚ್ಚಿನವು ಉಷ್ಣವಲಯದ ಜಪೋನಿಕಾ. ಘಮವೂ ಆಧಾರವಾಗದು. ಬಾಸ್ಮತಿ ಜಪೋನಿಕಾಗೆ ಹತ್ತಿರದ ಬೇರೆಯೇ ಗುಂಪು, ಥಾಯ್ಲೆಂಡಿನ ಜಾಸ್ಮಿನ್ ಇಂಡಿಕಾ. ಆದರೆ ಎರಡಕ್ಕೂ ಘಮ ಕೊಡುವುದು ಬಿಎಡಿಎಚ್2 ವಂಶವಾಹಿಯಲ್ಲಿ ಡಿಎನ್‌ಎಯ ಅದೇ 8 ಅಕ್ಷರಗಳು (ಬೇಸ್‌ಗಳು) ಬಿಟ್ಟುಹೋಗಿರುವುದು. ಹಾಗಾಗಿ ಒಂದು ವಂಶವಾಹಿ ನೋಡಿ ಇಡೀ ತಳಿಯ ಕುಲ ಹೇಳಲಾಗದು.

ನಿಮಗೆ ಹೊಂದುವುದು ಇಂಡೆಲ್ ಗುರುತುಗಳು, ಅಂದರೆ ಒಂದು ಉಪಪ್ರಭೇದದಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಡಿಎನ್‌ಎ ತುಣುಕುಗಳು. 12 ವರ್ಣತಂತುಗಳಲ್ಲೂ ಹರಡಿದಂತೆ ಸುಮಾರು 30 ಆರಿಸಿ, ವ್ಯತ್ಯಾಸ 25 ಅಕ್ಷರಗಳಿಗಿಂತ ಹೆಚ್ಚಿರಲಿ. ಎಳೆಯ ಎಲೆ 100 ಮಿಲಿಗ್ರಾಂ ಅರೆದು, ಶೇ. 2ರ ಸಿಟಿಎಬಿ (ಜೀವಕೋಶ ಒಡೆಯುವ ಮಾರ್ಜಕ) ದ್ರಾವಣ 700 ಮೈಕ್ರೋಲೀಟರ್ ಸೇರಿಸಿ, 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 45 ನಿಮಿಷ ಇಡಿ. ನಂತರ ಕ್ಲೋರೋಫಾರ್ಮ್‌ನಿಂದ ಶುದ್ಧಗೊಳಿಸಿ, ಐಸೋಪ್ರೊಪನಾಲ್‌ನಿಂದ ಡಿಎನ್‌ಎ ಇಳಿಸಿ. ಪಿಸಿಆರ್‌ಗೆ (ಆರಿಸಿದ ಡಿಎನ್‌ಎ ತುಣುಕನ್ನು ನಕಲಿಸಿ ಹೆಚ್ಚಿಸುವ ವಿಧಾನ) 20–30 ನ್ಯಾನೋಗ್ರಾಂ ಡಿಎನ್‌ಎ ಸಾಕು, 35 ಆವರ್ತ. ಬಂದ ತುಣುಕುಗಳನ್ನು ಅಗರೋಸ್ ಜೆಲ್‌ನಲ್ಲಿ ವಿದ್ಯುತ್ತಿನಿಂದ ಓಡಿಸಿದರೆ ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗಿ (ಗೆರೆಗಳಾಗಿ) ನಿಲ್ಲುತ್ತವೆ. ಪ್ರತಿ ಜೆಲ್‌ನಲ್ಲೂ ಐಆರ್64 (ಇಂಡಿಕಾ), ನಿಪ್ಪೊನ್‌ಬರೆ (ಜಪೋನಿಕಾ), ಬರೀ ನೀರು, ಈ ಮೂರೂ ಇರಲೇಬೇಕು. ಪರೀಕ್ಷಿಸುವ ತಳಿಯ ಪಟ್ಟಿಗಳಲ್ಲಿ ಎಷ್ಟು ಪಾಲು ಯಾವುದಕ್ಕೆ ಹೋಲುತ್ತವೆಂದು ಎಣಿಸಿ ತೀರ್ಮಾನಿಸಿ.

ಕ್ಲೋರೋಪ್ಲಾಸ್ಟ್‌ನ (ಎಲೆಯ ಹಸಿರುಕಣದ) ಓಆರ್‌ಎಫ್100 ಗುರುತು (ಇಂಡಿಕಾದಲ್ಲಿ ಸಾಮಾನ್ಯವಾಗಿ 69 ಅಕ್ಷರ ಕಡಿಮೆ) ಸುಲಭ, ಅಗ್ಗ. ಆದರೆ ಅದು ತಾಯಿಯ ಕಡೆಯದನ್ನಷ್ಟೇ ತೋರಿಸುತ್ತದೆ. ಅದೊಂದರಿಂದಲೇ ಸಂಕರ ತಳಿಗೆ ಹೆಸರಿಡಬೇಡಿ.

ದೇಸಿ ತಳಿಯ ಬೀಜದಲ್ಲಿ ಬೆರಕೆ ಸಾಮಾನ್ಯ. ಹಲವು ಸಸಿಗಳ ಎಲೆ ಒಟ್ಟಿಗೆ ಅರೆದರೆ ಎರಡು ಪಟ್ಟಿ ಬಂದು, ಸಂಕರವೆಂಬ ಭ್ರಮೆ ಹುಟ್ಟುತ್ತದೆ. ಕನಿಷ್ಠ 6 ಗಿಡಗಳನ್ನು ಬೇರೆ ಬೇರೆಯಾಗಿಯೇ ಪರೀಕ್ಷಿಸಿ.

ಪ್ರಶ್ನೆ: ಜೆಲ್‌ನಲ್ಲಿ ಎಲ್ಲ ತಳಿಗೂ ಒಂದೇ ಮಟ್ಟದಲ್ಲಿ ಪಟ್ಟಿ ಬರುತ್ತಿದೆ, ಏಕೆ?

ಉತ್ತರ: ಬಹುಶಃ ನಿಮ್ಮ ಅಗರೋಸ್ ಶೇ. 1ರದು. ಅದರಲ್ಲಿ 30 ಅಕ್ಷರಗಳ ಅಂತರ ಬಿಡಿಬಿಡಿಯಾಗದು. ಶೇ. 3ರ ಜೆಲ್ ಮಾಡಿ, ನಿಧಾನವಾಗಿ ಓಡಿಸಿ. ಆಗಲೂ ಐಆರ್64 ಮತ್ತು ನಿಪ್ಪೊನ್‌ಬರೆ ಒಂದೇ ಎತ್ತರದಲ್ಲಿ ನಿಂತರೆ ಆ ಪ್ರೈಮರ್ (ಪಿಸಿಆರ್‌ನಲ್ಲಿ ನಕಲು ಆರಂಭಿಸುವ ಪುಟ್ಟ ಡಿಎನ್‌ಎ ಎಳೆ) ಬಿಡಿ. ಪಟ್ಟಿಯೇ ಬರದಿದ್ದರೆ ಶರ್ಕರಾಂಶ ಅಡ್ಡ ಬರುತ್ತಿರಬಹುದು. ಡಿಎನ್‌ಎಯನ್ನು 10 ಪಟ್ಟು ತೆಳುಮಾಡಿ ಮತ್ತೆ ಪಿಸಿಆರ್ ಮಾಡಿ.