ಅಳತೆಗೆ ಕೊಟ್ಟ ಹಳೆಯ ಕುಬಸ

ಸಂಪಾದಕರಿಗೆ ನಮಸ್ಕಾರ. ನನಗೆ 32 ವರ್ಷ, ಇಬ್ಬರು ಮಕ್ಕಳು. ಎರಡನೆಯ ಕೂಸು ಎದೆಹಾಲು ಬಿಟ್ಟು ಎಂಟು ತಿಂಗಳಾಯಿತು. ಮದುವೆಯಾದಾಗ 34ರ ಬಾಡಿ (ಬ್ರಾ) ಸರಿಯಾಗುತ್ತಿತ್ತು. ಈಗ ಅಂಗಡಿಯವರು “ಎರಡು ಮಕ್ಕಳಾಗ್ಯಾವಲ್ರಿ, ದೊಡ್ಡ ನಂಬರ್ ತಗೋರಿ” ಎಂದು 38 ಬಿ ಕೊಟ್ಟರು. ಕಪ್‌ನ ಮೇಲ್ಭಾಗ ಟೊಳ್ಳಾಗಿ ನಿಲ್ಲುತ್ತದೆ, ಹಿಂದಿನ ಪಟ್ಟಿ ಬೆನ್ನ ಮೇಲೆ ಏರುತ್ತದೆ, ಹೆಗಲ ಮೇಲೆ ಬರೆ ಬಿದ್ದಿದೆ. ನಾನೇ ಟೇಪು ಹಿಡಿದು ಅಳೆದಾಗ ಎದೆಯ ಕೆಳಗೆ 31 ಇಂಚು, ಎದೆಯ ಮೇಲೆ 39 ಇಂಚು ಬಂತು. ಹಾಲು ಕುಡಿಸಿದ್ದರಿಂದಲೇ ಹೀಗಾಯಿತು ಎಂದು ನೆರೆಯವರು ಹೇಳುತ್ತಾರೆ. ಕುಬಸವನ್ನೇ ಬಿಗಿಯಾಗಿ ಹೊಲಿಸಿಕೊಂಡರೆ ಸಾಕೆಂದು ಅತ್ತೆಯವರು ಹೇಳುತ್ತಾರೆ. ಇಂಥದ್ದನ್ನೆಲ್ಲ ಪತ್ರಿಕೆಗೆ ಬರೆಯಬಾರದೇನೋ, ತಪ್ಪಾಗಿದ್ದರೆ ಕ್ಷಮಿಸಿ.

— ಹೆಸರು ಬೇಡ, ಸಿಂಧನೂರು

ಸಹೋದರಿ,

ನಿಮ್ಮ ಕೊನೆಯ ವಾಕ್ಯಕ್ಕೆ ನನ್ನ ತಕರಾರಿದೆ. ಹತ್ತಿಗೆ ಬಿದ್ದ ಹುಳದ ಬಗ್ಗೆ, ಮೊಣಕಾಲಿನ ನೋವಿನ ಬಗ್ಗೆ, ಸೊಸೆಯಂದಿರ ನಡತೆಯ ಬಗ್ಗೆ ನಮಗೆ ಬರೆಯುವವರು ಯಾರೂ ಕ್ಷಮೆ ಕೇಳುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮೈಗೆ ಅಂಟಿಕೊಂಡಿರುವ ಬಟ್ಟೆಯೊಂದರ ಬಗ್ಗೆ ಬರೆದ ನೀವು ಮಾತ್ರ ಕ್ಷಮೆ ಕೇಳಿದ್ದೀರಿ. ಆದರೂ ಟೇಪು ಹಿಡಿದು ಎರಡೂ ಅಳತೆಗಳನ್ನು ಬರೆದು ಕಳಿಸಿದ್ದೀರಲ್ಲ, ಅದಕ್ಕಾಗಿ ಈ ತಕರಾರನ್ನು ಇಲ್ಲಿಗೇ ಬಿಟ್ಟಿದ್ದೇನೆ. ಆ ಎರಡು ಅಂಕಿಗಳಿಲ್ಲದಿದ್ದರೆ ನಿಮಗೆ ಸಾಂತ್ವನವನ್ನಲ್ಲದೆ ಬೇರೇನನ್ನೂ ಹೇಳಲು ಸಾಧ್ಯವಿರಲಿಲ್ಲ.

ಮೊದಲು ಲೆಕ್ಕ ನೋಡೋಣ. ನಮ್ಮಲ್ಲಿ ಬಾಡಿಯ ಡಬ್ಬಿಯ ಮೇಲಿರುವ ಅಂಕಿ ಸಾಮಾನ್ಯವಾಗಿ ಮೈಯ ನೇರ ಅಳತೆಯಲ್ಲ. ಎದೆಯ ಕೆಳಗಿನ ಸುತ್ತಳತೆಗೆ ನಾಲ್ಕೋ ಐದೋ ಇಂಚು ಕೂಡಿಸಿ ಸರಿಸಂಖ್ಯೆ ಮಾಡಿದಾಗ ಬರುವ ಅಂಕಿ ಅದು. ನಿಮ್ಮ 31ಕ್ಕೆ 5 ಕೂಡಿಸಿದರೆ 36. ಎದೆಯ ಮೇಲಿನ 39ರಲ್ಲಿ 36 ಕಳೆದರೆ ಉಳಿಯುವುದು 3. ವ್ಯತ್ಯಾಸ ಒಂದು ಇಂಚಾದರೆ ಎ, ಎರಡಾದರೆ ಬಿ, ಮೂರಾದರೆ ಸಿ. ಆದ್ದರಿಂದ ನೀವು ಕೇಳಬೇಕಾದದ್ದು 36 ಸಿ. ವಿಚಿತ್ರವೆಂದರೆ, ನಿಮಗೆ ಕೊಟ್ಟ 38 ಬಿಯ ಕಪ್ಪೂ 36 ಸಿಯ ಕಪ್ಪೂ ಹಿಡಿಯುವುದು ಹೆಚ್ಚುಕಡಿಮೆ ಒಂದೇ ಗಾತ್ರವನ್ನು. ವ್ಯತ್ಯಾಸವಿರುವುದು ಕೆಳಪಟ್ಟಿಯಲ್ಲಿ, ಮತ್ತು ಭಾರವನ್ನು ಹೊರಬೇಕಾದದ್ದು ಅದೇ ಕೆಳಪಟ್ಟಿ. ಅದು ಸಡಿಲವಾದರೆ ಹಿಂದೆ ಬೆನ್ನಿನ ಮೇಲಕ್ಕೆ ಏರುತ್ತದೆ, ಮುಂದೆ ಕೆಳಕ್ಕೆ ಜಗ್ಗುತ್ತದೆ, ಹೊರೆಯೆಲ್ಲ ಹೆಗಲಿನ ಪಟ್ಟಿಯ ಮೇಲೆ ಬೀಳುತ್ತದೆ. ನಿಮ್ಮ ಹೆಗಲಿನ ಬರೆಗೆ ಕಾರಣ ಇಷ್ಟೇ. ಎತ್ತಿನ ಹೆಗಲು ಬಾತರೆ ನಿಮ್ಮ ಸೀಮೆಯ ರೈತ ಮೊದಲು ನೋಡುವುದು ನೊಗವನ್ನು. ಹೆಂಗಸಿನ ಹೆಗಲು ಬಾತರೆ ಮಾತ್ರ ಎಲ್ಲರೂ ಅವಳ ಮೈಯನ್ನೇ ದೂರುತ್ತಾರೆ.

ಅಳತೆಯ ವಿಚಾರದಲ್ಲಿ ನನಗೆ ಬುದ್ಧಿ ಕಲಿಸಿದವರು ನಮ್ಮ ಬಳ್ಳಾರಿಯ ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಒಬ್ಬ ಹೆಂಗಸು. ನನ್ನ ಎರಡನೆಯ ಬಾಣಂತನ ಮುಗಿದ ವರ್ಷ ಅವರ ಬಳಿಗೆ ಬಟ್ಟೆ ಒಯ್ದಿದ್ದೆ, ಅಳತೆಗೆಂದು ಮದುವೆಯ ಕಾಲದ ಕುಬಸವನ್ನೇ ಕೊಟ್ಟಿದ್ದೆ. ಅವರು ಅದರ ಒಳಮಗ್ಗುಲು ತಿರುಗಿಸಿ, ಕಂಕುಳ ಬಳಿ ಎರಡು ಸಲ ಹೊಲಿಗೆ ಬಿಚ್ಚಿದ್ದ ಗುರುತಿನ ಮೇಲೆ ಬೆರಳಾಡಿಸಿ, “ಇದು ನಿಮ್ ತಂಗೀದೇನ್ರಿ ಅಕ್ಕಾರ?” ಎಂದು ಕೇಳಿದರು. ನನ್ನದೇ ಎಂದೆ. “ನಿಮ್ದ ಇತ್ರಿ, ಈಗಲ್ಲ” ಎಂದವರೇ ಪರದೆ ಎಳೆದು ಕೊರಳಿನ ಟೇಪು ತೆಗೆದರು. ನಿಲ್ಲಿಸಿ ಒಮ್ಮೆ ಅಳೆದರು, ಮುಂದಕ್ಕೆ ಬಗ್ಗಿಸಿ ಇನ್ನೊಮ್ಮೆ ಅಳೆದರು. ಎರಡರ ನಡುವೆ ಒಂದೂವರೆ ಇಂಚಿನ ವ್ಯತ್ಯಾಸ ಬಂತು. ಎಡಕ್ಕಿಂತ ಬಲ ತುಸು ಹೆಚ್ಚೆಂದು ಚೀಟಿಯಲ್ಲಿ ಗುರುತು ಹಾಕಿಕೊಂಡು, ಬಹಳ ಮಂದಿಗೆ ಹಾಗೆಯೇ ಇರುತ್ತದೆಂದೂ ಹೊಲಿಯುವಾಗ ದೊಡ್ಡದರ ಅಳತೆಯನ್ನೇ ಹಿಡಿಯಬೇಕೆಂದೂ ಹೇಳಿದರು. ಹತ್ತು ವರ್ಷ ಒಂದೇ ಕುಬಸವನ್ನು ಅಳತೆಗೆ ಕೊಡುವ ನಮ್ಮ ಹೆಂಗಸರು ಹೊಲಿಸಿಕೊಳ್ಳುವುದು ತಮಗಾಗಿ ಅಲ್ಲ, ಮಕ್ಕಳಾಗುವ ಮುಂಚೆ ಇದ್ದ ಒಬ್ಬ ಹುಡುಗಿಗಾಗಿ ಎಂಬುದು ಅಂದು ನನಗೆ ಹೊಳೆಯಿತು.

ನೆರೆಯವರ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಸ್ತನದೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯುವಿಲ್ಲ; ಹಾಲಿನ ಗ್ರಂಥಿ, ಕೊಬ್ಬು, ಅವುಗಳನ್ನು ಚರ್ಮಕ್ಕೂ ಎದೆಗೂ ಬಿಗಿದಿರುವ ನಾರಿನಂಥ ಎಳೆಗಳು, ಇಷ್ಟೇ. ಆ ಎಳೆಗಳನ್ನು ವರ್ಣಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರನ ಹೆಸರಿನಿಂದಲೇ ವೈದ್ಯರು ಇಂದಿಗೂ ಅವುಗಳನ್ನು ಕರೆಯುತ್ತಾರೆ. ಬಸಿರಿನಲ್ಲಿ ಗ್ರಂಥಿಗಳು ಬೆಳೆದು ಚರ್ಮವೂ ಎಳೆಗಳೂ ಹಿಗ್ಗುತ್ತವೆ. ಕೂಸು ಹಾಲು ಬಿಟ್ಟ ಮೇಲೆ ಗ್ರಂಥಿಗಳು ಕುಗ್ಗುತ್ತವೆ, ಆದರೆ ಹಿಗ್ಗಿದ ಚರ್ಮ ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ಸರಿಯುವುದಿಲ್ಲ. ಆಗ ಮೇಲ್ಭಾಗ ಬರಿದಾಗಿ ತುಂಬು ಕೆಳಗಿಳಿಯುತ್ತದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸು, ಬಸಿರುಗಳ ಸಂಖ್ಯೆ, ಮೈತೂಕ, ಧೂಮಪಾನ ಇವು ಸ್ತನ ಜೋಲುವುದಕ್ಕೆ ಸಂಬಂಧಿಸಿದ ಕಾರಣಗಳೆಂದು ಕಂಡುಬಂದವು. ಹಾಲು ಕುಡಿಸುವುದು ಕಾರಣವೆಂದು ಕಂಡುಬರಲಿಲ್ಲ. ಅಂದವನ್ನು ಉಳಿಸಿಕೊಳ್ಳಬೇಕೆಂಬ ಭಯದಿಂದ ಮೂರೇ ತಿಂಗಳಿಗೆ ಹಾಲು ಬಿಡಿಸಿದ ತಾಯಂದಿರನ್ನು ನಾನು ಬಲ್ಲೆ. ಅವರಿಗೆ ಆ ಭಯ ತುಂಬಿದವರು ಬಾಣಂತಿಯನ್ನು ನೋಡಲು ಬಂದ ನೆಂಟರೇ.

ಬಸುರಿಗೆ ಮಾಡುವ ಕಾರ್ಯವನ್ನೇ ಕುಬಸವೆಂದು ಕರೆಯುವ ಸೀಮೆ ನಮ್ಮದು. ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ ತಂದು ಉಡಿ ತುಂಬುತ್ತಾರೆ. ಹೆಣ್ಣಿನ ಎದೆಯ ಬಟ್ಟೆಯ ಹೆಸರಿನಲ್ಲಿ ಊರಿಗೆಲ್ಲ ಊಟ ಹಾಕುತ್ತಾರೆ. ಹೆರಿಗೆಯಾದ ಮೇಲೆ ಬಾಣಂತಿಯ ತಲೆಗೆ ಬಟ್ಟೆ ಕಟ್ಟುತ್ತಾರೆ, ಕಿವಿಗೆ ಹತ್ತಿ ಇಡುತ್ತಾರೆ, ಹೊಟ್ಟೆಗೆ ಹಳೆಯ ಸೀರೆ ಸುತ್ತುತ್ತಾರೆ. ಹಾಲು ತುಂಬಿ ಕಲ್ಲಾದ ಎದೆಗೆ ಏನು ತೊಡಬೇಕೆಂದು ಯಾರಾದರೂ ಕೇಳಿದ್ದಾರೆಯೇ? ಆ ದಿನಗಳಲ್ಲಿ ಬಿಗಿಯಾದುದನ್ನು ತೊಟ್ಟರೆ ಹಾಲಿನ ನಾಳ ಕಟ್ಟಿಕೊಂಡು ಗಡ್ಡೆಯಾಗಬಹುದೆಂದು ನನಗಂತೂ ಯಾರೂ ಹೇಳಲಿಲ್ಲ. ಉಡಿಯಲ್ಲಿ ಬಂದ ಹನ್ನೊಂದು ಖಣಗಳು ಮಾತ್ರ ಟ್ರಂಕಿನಲ್ಲಿ ಹಾಗೆಯೇ ಇದ್ದವು.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಕಾಲದ ಕುಬಸವನ್ನು ನೆನೆದು ಅವರು ಹೇಳಿದ್ದರೆ ಅವರಿಗೆ ನನ್ನ ಅರ್ಧ ಒಪ್ಪಿಗೆಯಿದೆ. ಮುಂದೆ ಗಂಟು ಹಾಕುವ ಆ ಕುಬಸದಲ್ಲಿ ಗಂಟು ಎದೆಯ ಕೆಳಗೇ ಬೀಳುತ್ತಿತ್ತು. ಹಾಲು ತುಂಬಿದ ದಿನ ಸಡಿಲಿಸಿ, ಹೊಲದ ಕೆಲಸದ ದಿನ ಬಿಗಿದು ಕಟ್ಟಬಹುದಿತ್ತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ದೊರೆತಾಗ ಎಲ್ಲರೂ ಕನ್ನಡಿಯನ್ನೂ ದಾರವನ್ನೂ ಹೊಗಳಿದರು. ತಾಂಡಾದ ಹೆಂಗಸರು ತೊಡುವ ಕಾಂಚಳಿ ಎಂಬ ಕುಬಸಕ್ಕೆ ಬೆನ್ನ ಮೇಲೆ ಕಟ್ಟುವ ದಾರವಿರುವುದರಿಂದ ಮೈ ಬದಲಾದರೂ ಬಟ್ಟೆ ಬದಲಾಗಬೇಕಿಲ್ಲ ಎಂಬ ಜಾಣ್ಮೆಯನ್ನು ಯಾರೂ ಹೊಗಳಲಿಲ್ಲ. ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರ ಮತ್ತು ರಿಬ್ಬನ್ನಿನಿಂದ ಆರಂಭಿಸಿ 1914ರಲ್ಲಿ ಪೇಟೆಂಟ್ ಪಡೆದ ಬಾಡಿಯೂ ಕಟ್ಟಿಕೊಳ್ಳುವಂಥದ್ದೇ ಆಗಿತ್ತು. ಆಗ ಆಕೆಗಿನ್ನೂ ಮದುವೆಯೂ ಆಗಿರಲಿಲ್ಲ ಎಂಬುದನ್ನು ಓದಿ ನಾನು ಸ್ವಲ್ಪ ನಕ್ಕಿದ್ದುಂಟು. ಆದರೆ ಇಂದಿನ ಹುಕ್ಕಿನ ಕುಬಸ ಬೇರೆ ಜಾತಿಯದು. ಅದನ್ನು ಬಿಗಿಯಾಗಿ ಹೊಲಿಸಿದರೆ ಎದೆಯನ್ನು ಮೇಲಿನಿಂದ ಒತ್ತುತ್ತದೆಯೇ ಹೊರತು ಕೆಳಗಿನಿಂದ ಎತ್ತಿ ಹಿಡಿಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಮಡಿಕೆಯ ಬೆವರು ಅಲ್ಲೇ ನಿಂತು ಚರ್ಮ ಕೆಂಪಾಗಿ ಸುಲಿಯುತ್ತದೆ.

ಅಂಗಡಿಯವರ ಕಷ್ಟವೂ ಇದೆ, ಇಲ್ಲವೆನ್ನುವುದಿಲ್ಲ. ಪ್ರತಿ ಅಂಕಿಗೂ ನಾಲ್ಕು ಕಪ್, ಪ್ರತಿ ಕಪ್ಪಿಗೂ ಮೂರು ಬಣ್ಣ ಇಡಬೇಕೆಂದರೆ ಸಣ್ಣ ಊರಿನ ವ್ಯಾಪಾರಿಯ ಬಂಡವಾಳವೆಲ್ಲ ಡಬ್ಬಿಗಳಲ್ಲೇ ಕೂರುತ್ತದೆ. ಆದರೆ ಬಳ್ಳಾರಿಯಲ್ಲಿ ಕುಳಿತು ಈ ಮಾತನ್ನು ಪೂರ್ತಿಯಾಗಿ ನಂಬುವುದು ನನಗೆ ಕಷ್ಟ. ಜೀನ್ಸ್ ಹೊಲಿಯುವುದಕ್ಕೆ ಹೆಸರಾದ ಊರಿದು. ಗಂಡಸಿನ ಸೊಂಟಕ್ಕೆ ಎರಡೆರಡು ಇಂಚಿಗೊಂದು ಅಳತೆ ಕತ್ತರಿಸುವ ಮಾಸ್ಟರುಗಳು ಇಲ್ಲಿದ್ದಾರೆ. ಆ ಗಂಡಸು ಪ್ಯಾಂಟನ್ನು ತೊಟ್ಟು ನೋಡಲು ಅಂಗಡಿಯಲ್ಲಿ ಕೋಣೆಯುಂಟು, ಆಳೆತ್ತರದ ಕನ್ನಡಿಯುಂಟು. ಅದೇ ಅಂಗಡಿಯ ಮೂಲೆಯಲ್ಲಿ ಅವನ ಹೆಂಡತಿ ದನಿ ತಗ್ಗಿಸಿ ಒಂದು ಅಂಕಿ ಹೇಳಿ, ಡಬ್ಬಿಯನ್ನು ತೆರೆದೂ ನೋಡದೆ, ಹಳೆಯ ಪೇಪರಿನಲ್ಲಿ ಸುತ್ತಿದ್ದನ್ನು ಚೀಲದ ತಳಕ್ಕೆ ಸೇರಿಸಿಕೊಂಡು ಬರುತ್ತಾಳೆ. ಬಳೆಗಾರ ಕೈಹಿಡಿದು ಗೆಣ್ಣು ಒತ್ತಿ ಅಳತೆ ನೋಡಿದಾಗ ಹೋಗದ ಮಾನ, ಈ ಗಲ್ಲೆಯ ಮುಂದೆ ಒಬ್ಬ ಹೆಣ್ಣುಮಗಳನ್ನು ಟೇಪು ಕೊಟ್ಟು ನಿಲ್ಲಿಸಿದರೆ ಹೇಗೆ ಹೋಗುತ್ತದೆ?

ಇನ್ನು ಆಕಾರದ ಮಾತು, ಅಂಕಿಗಿಂತ ಇದು ಮುಖ್ಯ. ಅಂಗಡಿಯಲ್ಲಿ ತೋರಿಸುವ ಸ್ಪಂಜಿನ ಅಚ್ಚಿನ ಕಪ್ ನಿಮಗೆ ಆಗಿಬರುವುದಿಲ್ಲ. ಅದು ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುವುದರಿಂದ ಮೇಲೆ ಟೊಳ್ಳು ಉಳಿಯುತ್ತದೆ. ಎರಡು ಮೂರು ತುಂಡು ಕೂಡಿಸಿ ಹೊಲಿದ, ಸ್ಪಂಜಿಲ್ಲದ, ಮೇಲಂಚು ತಗ್ಗಾಗಿರುವ ಕಪ್ ಕೇಳಿ. ಪಕ್ಕದಲ್ಲಿ ಒಂದು ಪಟ್ಟಿಯಿದ್ದು ಕಂಕುಳ ಕಡೆ ಸರಿದದ್ದನ್ನು ಮುಂದಕ್ಕೆ ತರುವಂತಿದ್ದರೆ ಇನ್ನೂ ಒಳ್ಳೆಯದು. ತೊಡುವಾಗ ಮುಂದಕ್ಕೆ ಬಾಗಿ, ಬದಿಯಲ್ಲಿರುವುದನ್ನೆಲ್ಲ ಕೈಯಿಂದ ಕಪ್ಪಿನೊಳಗೆ ತಂದುಕೊಂಡು, ಹೊಸದಾಗಿರುವಾಗ ತೀರ ಹೊರಗಿನ ಹುಕ್ಕಿಗೆ ಹಾಕಿ. ಎಲಾಸ್ಟಿಕ್ ಸಡಿಲವಾದಂತೆ ಒಳಗಿನ ಹುಕ್ಕುಗಳಿಗೆ ಸರಿಯಬಹುದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಎರಡೂ ಕೈ ಮೇಲೆತ್ತಿದಾಗ ಅದು ಜಾಗ ಬಿಟ್ಟು ಏಳಬಾರದು. 36 ಸಿ ಸಿಗದಿದ್ದರೆ 34 ಡಿ ನೋಡಿ. 38ಕ್ಕೆ ಮಾತ್ರ ಮತ್ತೆ ಹೋಗಬೇಡಿ. ಹಾಲು ಬಿಡಿಸಿ ಎಂಟು ತಿಂಗಳಾದ್ದರಿಂದ ನಿಮ್ಮ ಅಳತೆ ಬಹುತೇಕ ನೆಲೆಗೆ ನಿಂತಿರುತ್ತದೆ, ಆದರೂ ಮೊದಲು ಒಂದನ್ನೇ ಕೊಳ್ಳಿ. ಒಂದು ಕಡೆ ಮಾತ್ರ ಗಂಟೋ, ಚರ್ಮ ಒಳಕ್ಕೆ ಎಳೆದಂತೆಯೋ ಕಂಡರೆ ಬಾಡಿಯ ವಿಚಾರ ಬಿಟ್ಟು ವೈದ್ಯರ ಬಳಿಗೆ ಹೋಗಿ.

ಒಗೆದ ಮೇಲೆ ಅದನ್ನು ಲಂಗದ ಕೆಳಗೆ ಬಚ್ಚಿಟ್ಟು ಒಣಗಿಸಬೇಡಿ. ತಂತಿಯ ಮೇಲೆ ಬಿಚ್ಚಿ ಹಾಕಿ; ಸಿಂಧನೂರಿನ ಬಿಸಿಲಿಗೆ ಅರ್ಧ ಗಂಟೆ ಸಾಕು.